ಕುದಿಸಿ ಕೊಟ್ಟ ಪುಡಿ

2006ರಲ್ಲಿ ಚನ್ನಪಟ್ಟಣದ ನನ್ನ ಕ್ಲಿನಿಕ್ಕಿಗೆ ಹತ್ತು ವರ್ಷ ತುಂಬಿತ್ತು. ಮುಂಗೋಪಿ ಡಾಕ್ಟರೆಂದೇ ಹೆಸರಾಗಿದ್ದೆ. ಬೈದರೆ ರೋಗಿಗಳು ಮಾತು ಕೇಳುತ್ತಾರೆಂದು ನಂಬಿದ್ದ ಕಾಲ. ಆ ವರ್ಷ ಅಕ್ಕೂರಿನ ಜಯಮ್ಮ ಒಂಬತ್ತನೇ ತರಗತಿಯ ಮಗಳು ಸವಿತಾಳನ್ನು ಕರೆತಂದರು. ಹುಡುಗಿಯ ತೂಕ ಎಪ್ಪತ್ತೆಂಟು ಕೆ.ಜಿ. ಶಾಲೆಯಲ್ಲಿ ಆಡಿಕೊಳ್ಳುತ್ತಿದ್ದರಂತೆ, ಆಟದ ಪೀರಿಯಡ್ಡಿಗೆ ಹೋಗುವುದನ್ನೇ ಬಿಟ್ಟಿದ್ದಳು.

ಆಗಷ್ಟೇ ಮೆಡಿಕಲ್ ರೆಪ್ ಒಬ್ಬ ಪ್ರೋಬಯಾಟಿಕ್ ಪುಡಿಯ ಪೊಟ್ಟಣಗಳನ್ನು ಕೊಟ್ಟು ಹೋಗಿದ್ದ. ಪ್ರೋಬಯಾಟಿಕ್ ಎಂದರೆ ಕರುಳಿಗೆ ಒಳ್ಳೆಯದು ಮಾಡುವ ಜೀವಂತ ಬ್ಯಾಕ್ಟೀರಿಯಾ. ಅದರಿಂದ ತೂಕ ಇಳಿಯುತ್ತದೆ ಅನ್ನುವುದಕ್ಕೆ ಅವನ ಬಣ್ಣದ ಕಾಗದ ಬಿಟ್ಟರೆ ನನ್ನ ಬಳಿ ಗಟ್ಟಿ ಆಧಾರವೇನೂ ಇರಲಿಲ್ಲ. ಆದರೂ ಊಟದ ಪಟ್ಟಿಯ ಜೊತೆ ಬರೆದುಕೊಟ್ಟೆ. ಇದರಲ್ಲಿ ಜೀವ ಇರುವ ಕ್ರಿಮಿಗಳಿವೆ, ದಿನಕ್ಕೊಂದು ಪೊಟ್ಟಣ ಹಾಲಿನಲ್ಲಿ ಕೊಡಮ್ಮ ಎಂದೆ. ಇನ್ನೆರಡು ಮಾತು ಹೇಳುವ ತಾಳ್ಮೆ ಇರಲಿಲ್ಲ. ಹೊರಗೆ ಜನ ಕಾಯುತ್ತಿದ್ದರು.

ಮೂರು ತಿಂಗಳಾದರೂ ತೂಕದ ಮುಳ್ಳು ಕದಲಲಿಲ್ಲ. ಆ ಸಲ ಅಪ್ಪ ಪುಟ್ಟಸ್ವಾಮಿಯೂ ಬಿಡದಿಯ ಫ್ಯಾಕ್ಟರಿಗೆ ರಜೆ ಹಾಕಿ ಜೊತೆಗೆ ಬಂದಿದ್ದರು. ಅವರೆದುರೇ ಹುಡುಗಿಯ ಮೇಲೆ ಹರಿಹಾಯ್ದೆ.

"ಕದ್ದು ತಿಂತಿದೀಯ. ಇಲ್ದಿದ್ರೆ ತೂಕ ಯಾಕೆ ಇಳೀಲಿಲ್ಲ?"

ಇಲ್ಲವೆಂದು ತಲೆಯಾಡಿಸಿದಳು. ಸುಳ್ಳು ಹೇಳಬೇಡ ಅಂದೆ. ಅಪ್ಪ ಮನೆಗೆ ಹೋದವರೇ ಅಡುಗೆಮನೆಗೆ ಬೀಗ ಜಡಿದರು.

ಹದಿನೈದು ದಿನಕ್ಕೆ ಸವಿತಾಳನ್ನು ಆಟೋದಲ್ಲಿ ಮಲಗಿಸಿಕೊಂಡು ತಂದರು. ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಲ್ಲೇ ಬಿದ್ದಿದ್ದಳು. ಬೀಗ ತೆಗೆದು ಬಡಿಸಿದ ಊಟವನ್ನೂ ಮುಟ್ಟುತ್ತಿರಲಿಲ್ಲವಂತೆ. ಮೊದಲಿಂದಲೂ ಪಟ್ಟಿ ಮೀರಿ ಒಂದು ತುತ್ತು ತಿಂದವಳಲ್ಲ ಎಂದು ಜಯಮ್ಮ ಆಣೆ ಮಾಡಿದರು. ಡ್ರಿಪ್ ಹಾಕಿದೆ. ಪುಡಿಯನ್ನು ಹೇಗೆ ಕೊಡುತ್ತಿದ್ದಿರಿ ಎಂದು ಅವತ್ತು ಮೊದಲ ಸಲ ಕೇಳಿದೆ.

"ಕ್ರಿಮಿ ಐತೆ ಅಂದಿದ್ರಲ್ಲ ಡಾಕ್ಟ್ರೇ, ಹಾಲಿಗಾಕಿ ಚೆನ್ನಾಗಿ ಕುದಿಸಿ, ಎಲ್ಲಾ ಸತ್ತ ಮೇಲೇ ಕೊಡ್ತಿದ್ದೆ."

ಅವರದು ರೇಷ್ಮೆಹುಳು ಸಾಕುವ ಮನೆ. ಪ್ರತಿ ಬೆಳೆಗೂ ಮುಂಚೆ ನೆಲ, ಗೋಡೆ, ತಟ್ಟೆ ಎಲ್ಲ ತೊಳೆದು ಕ್ರಿಮಿ ಕೊಲ್ಲದಿದ್ದರೆ ಹುಳುಗಳೇ ಸಾಯುತ್ತವೆ ಎಂಬುದನ್ನು ಕಣ್ಣಾರೆ ಕಂಡವರು. ಅವರ ತಪ್ಪೇನಿತ್ತು? ಕುದಿಸದೆ ಕೊಟ್ಟಿದ್ದರೂ ತೂಕ ಇಳಿಯುತ್ತಿತ್ತು ಎಂದು ನಾನೇ ಹೇಳಲಾರೆ. ಪುಡಿಯ ಸೋಲನ್ನು ಆ ಹುಡುಗಿಯ ತಲೆಗೆ ಕಟ್ಟಿದ್ದೆ. ನನಗೆ ತುಂಬ ನಾಚಿಕೆಯಾಯಿತು.

ಜಯಮ್ಮ ಕಾಫಿ ತರಲು ಹೋದಾಗ, ತಪ್ಪಾಯ್ತಮ್ಮ, ನೀನು ಕದ್ದು ತಿಂದಿರಲಿಲ್ಲ ಅಂದೆ. ಅವಳು ಗೋಡೆ ನೋಡುತ್ತಲೇ ಹೇಳಿದಳು:

"ಬಯ್ಯೋವಾಗ ಅಪ್ಪ ಇದ್ರು ಸಾರ್."

ಆ ಭಾನುವಾರ ಅಕ್ಕೂರಿಗೆ ಹೋಗಿ, ತಪ್ಪು ನನ್ನದೆಂದು ಪುಟ್ಟಸ್ವಾಮಿಯವರಿಗೆ ಬಿಡಿಸಿ ಹೇಳಿದೆ. ಅವರು ಎದ್ದು ಬೀಗ ತೆಗೆದು, ತಾವೇ ತಟ್ಟೆಗೆ ಮುದ್ದೆ ಇಟ್ಟು ಮಗಳನ್ನು ಕರೆದರು. ಬಂದಳು, ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದಳು. ವರ್ಷ ಕಳೆದ ಮೇಲೂ ಅವಳು ಅಪ್ಪನೆದುರು ಉಣ್ಣುವುದಿಲ್ಲವೆಂದು ಜಯಮ್ಮ ಹೇಳುತ್ತಿದ್ದರು. ಔಷಧಿ ನಾಟದಿದ್ದಾಗ ರೋಗಿಗಿಂತ ಮೊದಲು ನನ್ನನ್ನೇ ಅನುಮಾನಿಸಿಕೊಳ್ಳಬೇಕೆಂದು ಆ ಹುಡುಗಿಯಿಂದ ಕಲಿತೆ. ನಾನು ಕಲಿತದ್ದರಿಂದ ಅವಳಿಗೇನೂ ಉಪಯೋಗವಾಗಲಿಲ್ಲ.