ಮೊದಲ ನೀರು

ನಮ್ಮಮ್ಮನಿಗೆ ಚರ್ಚಿನವರೆಲ್ಲ ಇಟ್ಟ ಹೆಸರು ಇಸ್ತ್ರಿಯಮ್ಮ. ಮುಖ್ಯರಸ್ತೆಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ ಇಟ್ಟುಕೊಂಡಿದ್ದಳು, ಅದು ಒಂದು ಕಾರಣ. ಅವಳ ಮಾತಿನಲ್ಲೂ ಒಂದು ಸುಕ್ಕು ಇರುತ್ತಿರಲಿಲ್ಲ, ಅದು ಇನ್ನೊಂದು. ಕೈಗೆ ಸಿಕ್ಕಿದ್ದನ್ನೆಲ್ಲ ನೇರ ಮಾಡುವುದು ಅವಳ ಸ್ವಭಾವ. ಗಂಡ ತೀರಿಕೊಂಡ ಮೇಲೆ ನೇರ ಮಾಡಲು ಉಳಿದವರು ಇಬ್ಬರೇ: ಒಬ್ಬಳೇ ಮಗಳಾದ ನಾನು ಮತ್ತು ಅವಳ ತಂಗಿ, ನನ್ನ ಚಿಕ್ಕಮ್ಮ.

ನಮ್ಮ ಕೆಥೋಲಿಕ್ ಚರ್ಚಿನ ಬಲಿಪೀಠದ ಬಟ್ಟೆಗಳನ್ನು ಒಗೆಯುವ ಸೇವೆ ಅಮ್ಮನದು. ಇದು ಅಂಗಡಿಯ ಕೆಲಸದಂತಲ್ಲ. ಪೂಜೆಯಲ್ಲಿ ದ್ರಾಕ್ಷಾರಸ ಯೇಸುಸ್ವಾಮಿಯ ರಕ್ತವೇ ಆಗುತ್ತದೆ, ಅದರ ಪಾತ್ರೆ ಒರೆಸಿದ ಪುಟ್ಟ ಬಟ್ಟೆಯಲ್ಲಿ ಒಂದು ಹನಿ ಉಳಿದಿರಬಹುದು ಎಂಬುದು ನಮ್ಮ ನಂಬಿಕೆ. ಹಾಗಾಗಿ ಅದನ್ನು ಮೊದಲು ಬೇರೆ ಬೋಗುಣಿಯಲ್ಲಿ, ಸೋಪು ಹಾಕದೆ, ಬರೀ ನೀರಿನಲ್ಲಿ ಅದ್ದಿ ತೆಗೆಯಬೇಕು. ಆ ಮೊದಲ ನೀರು ಚರಂಡಿಗೆ ಹೋಗಕೂಡದು, ಮಣ್ಣಿಗೇ ಸೇರಬೇಕು. ಅಂಗಡಿಯ ಹಿಂದಿನ ಗುಲಾಬಿ ಗಿಡ ಮೂವತ್ತು ವರ್ಷ ಆ ನೀರು ಕುಡಿದಿತ್ತು. ಅಷ್ಟಾದರೂ ಹೂ ಬಿಡುವುದರಲ್ಲಿ ಅದು ಮಹಾ ಜಿಪುಣ. ಈ ಪದ್ಧತಿಯನ್ನು ಅಮ್ಮನಿಗೆ ಕಲಿಸಿದವಳು ಅಜ್ಜಿ. ನನಗೆ ಅಮ್ಮ ಎಷ್ಟೋ ಸಲ ಕರೆದು ತೋರಿಸಿದಳು. ನಾನು ನೋಡಿದೆ, ಕಲಿಯಲಿಲ್ಲ.

ಚಿಕ್ಕಮ್ಮ ಎದುರು ಬೀದಿಯ ಪ್ರಾಟೆಸ್ಟೆಂಟ್ ಸಭೆಯ ಬಸ್ ಮೆಕ್ಯಾನಿಕ್ ಒಬ್ಬರನ್ನು ಮದುವೆಯಾಗಿ ಆ ಸಭೆಗೇ ಸೇರಿದ್ದಳು. ಮದುವೆಯ ದಿನ ಅಮ್ಮ ಅವರ ಗೇಟಿನ ತನಕ ಹೋಗಿ, ಉಡುಗೊರೆಯನ್ನು ಅಲ್ಲಿ ನಿಂತಿದ್ದ ಯಾರದೋ ಕೈಗೆ ಕೊಟ್ಟು ವಾಪಸು ಬಂದಳಂತೆ. ಆಮೇಲೆ ಹೋಗಿಬರುವುದು ಶುರುವಾಯಿತು. ರಕ್ತಸಂಬಂಧ ಎಲ್ಲಿಗೆ ಹೋಗುತ್ತದೆ? ಅಮ್ಮ ದಿನವಿಡೀ ಇಸ್ತ್ರಿ ಪೆಟ್ಟಿಗೆ ಹಿಡಿದು ನಿಂತಿದ್ದಾಗ, ಶಾಲೆಯಿಂದ ಬಂದ ನನಗೆ ಉಣಿಸಿ, ತಲೆ ಬಾಚಿ, ಮಗ್ಗಿ ಹೇಳಿಸಿದವಳು ಚಿಕ್ಕಮ್ಮ. ಅವಳಿಗೆ ಮಕ್ಕಳಾಗಲಿಲ್ಲ. ನಾನೇ ಅವಳ ಮಗಳು ಎಂದು ಹೇಳಿಕೊಳ್ಳುತ್ತಿದ್ದಳು. ಆದರೂ ಅಮ್ಮನ ಬಾಯಲ್ಲಿ 'ನಿಮ್ಮವರು', 'ನಮ್ಮವರು' ತಪ್ಪಲಿಲ್ಲ. "ನಿಮ್ಮವರಿಗೇನಮ್ಮ, ಮೊಣಕಾಲೂರೋ ಕಷ್ಟಾನೂ ಇಲ್ಲ" ಎನ್ನುವಳು. ಚಿಕ್ಕಮ್ಮ ನಕ್ಕು ಸುಮ್ಮನಾಗುತ್ತಿದ್ದಳು. ಅವಳಿಗೂ ಅದು ತಮಾಷೆಯೇ ಎಂದು ನಾನು ತಿಳಿದಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಚಿಕ್ಕಮ್ಮ ಅಂಗಡಿಗೆ ಬಂದಳು. ಹಿಂದಿನ ವಾರ ಮೆಟ್ಟಿಲಲ್ಲಿ ಜಾರಿ ಮಣಿಕಟ್ಟು ಮುರಿದಿತ್ತು, ಬಲಗೈಗೆ ಪ್ಲಾಸ್ಟರ್. ಎಡಗೈಯಲ್ಲಿ ಒಂದು ಚೀಲ. ಅವರ ಸಭೆಯಲ್ಲಿ ತಿಂಗಳಿಗೊಮ್ಮೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಮೇಜಿಗೆ ಹಾಸುವ ಬಿಳಿ ಬಟ್ಟೆ ಅದರಲ್ಲಿತ್ತು. ಲೋಟಗಳ ತಟ್ಟೆ ವಾಲಿ, ಅರ್ಧ ಬಟ್ಟೆಗೆ ದ್ರಾಕ್ಷಾರಸ ಚೆಲ್ಲಿತ್ತು. ಅದನ್ನು ಒಗೆಯುವವಳು ಚಿಕ್ಕಮ್ಮನೇ ಎಂದು ನಮಗೆ ಗೊತ್ತಿತ್ತು. ಹೇಗೆ ಒಗೆಯುತ್ತಾಳೆಂದು ನಾವು ಯಾವತ್ತೂ ಕೇಳಿರಲಿಲ್ಲ.

"ಅಕ್ಕ, ಕಲೆ ಕೂತ್ಕೊಳ್ಳೋದ್ರೊಳಗೆ ಒಗೀಬೇಕು. ನನ್ನ ಕೈ ನೋಡಿದ್ಯಲ್ಲ. ಬೇರೆಯವರಿಗೆ ಕೊಡೋಕೆ ಮನಸ್ಸು ಬರಲಿಲ್ಲ" ಎಂದಳು.

ಅಮ್ಮ ಚೀಲ ತೆಗೆದುಕೊಂಡಳು. ಅಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಆದರೆ ನಮ್ಮ ಚರ್ಚಿನಲ್ಲಿ ಹಾಡು ಹೇಳಿಸುವ ಟೀಚರ್ ತಮ್ಮ ಸೀರೆಗಾಗಿ ಕಾಯುತ್ತ ನಿಂತಿದ್ದರು. ನಾಲಿಗೆಗೆ ಬೀಗ ಇಲ್ಲದ ಹೆಂಗಸು. ಅಮ್ಮ ಬಟ್ಟೆಯನ್ನು ಬೋಗುಣಿಯಲ್ಲಿ ಅದ್ದಿ ತೆಗೆದದ್ದನ್ನು ನೋಡಿ, "ಏನು ಇಸ್ತ್ರಿಯಮ್ಮ, ಇದನ್ನೂ ಗುಲಾಬಿಗೇ ಹಾಕ್ತೀರಾ?" ಎಂದರು.

ಅಮ್ಮನ ಬೆನ್ನು ನೆಟ್ಟಗಾಯಿತು. "ಇದಕ್ಕ್ಯಾಕೆ ಗುಲಾಬಿ? ಬರೀ ದ್ರಾಕ್ಷಿ ರಸ ತಾನೆ" ಎಂದು ಬೋಗುಣಿ ಎತ್ತಿ, ಕೆಂಪಗಾಗಿದ್ದ ಆ ನೀರನ್ನು ಬಾಗಿಲ ಮುಂದಿನ ಚರಂಡಿಗೆ ಸುರಿದಳು. ಬಗ್ಗಿ ಸುರಿಯಲಿಲ್ಲ. ನಿಂತಲ್ಲಿಂದಲೇ ಚೆಲ್ಲಿದಳು. ಟೀಚರ್ ನಕ್ಕರು. ನಾನೂ ನಕ್ಕೆ.

ಯಾಕೆ ನಕ್ಕೆ? ಮಾತು ಚುರುಕಾಗಿತ್ತು, ಪಕ್ಕದವರು ನಕ್ಕರು, ನಾನೂ ಹಲ್ಲು ಬಿಟ್ಟೆ, ಅಷ್ಟೇ. ಚಿಕ್ಕಮ್ಮ ಅಮ್ಮನನ್ನು ನೋಡಲಿಲ್ಲ. ನನ್ನನ್ನು ನೋಡಿದಳು. ಆಮೇಲೆ ಎಡಗೈ ಚಾಚಿ, "ಇಷ್ಟು ಸಾಕು ಅಕ್ಕ. ಒದ್ದೆಯಾಗೇ ಕೊಡು" ಎಂದಳು. ನೀರು ಸೋರುವ ಚೀಲ ಹಿಡಿದು ರಸ್ತೆ ದಾಟಿದಳು. ಅವಳ ಸೆರಗಿನ ಅಂಚಿಗೆಲ್ಲ ಕೆಂಪು ತಗುಲುತ್ತಿತ್ತು.

ನಾಲ್ಕು ವಾರ ಅವಳ ಸುಳಿವಿಲ್ಲ. ಅಮ್ಮ ಮೊದಲ ವಾರ ಜೋರಿನಲ್ಲಿದ್ದಳು. "ನಾನೇನು ಸುಳ್ಳು ಹೇಳಿದ್ನಾ? ಅವರಲ್ಲಿ ಅದು ನೆನಪಿಗೆ ಮಾಡೋ ಊಟ. ನಮ್ಮಲ್ಲಿ ಹಾಗಲ್ಲ" ಎನ್ನುವಳು. ಎರಡನೇ ವಾರ ಅದನ್ನೇ ಮೆಲ್ಲಗೆ ಹೇಳಿದಳು. ನಾಲ್ಕನೇ ವಾರ ಯಾರದೋ ಅಂಗಿ ಸುಟ್ಟಳು. ನಲವತ್ತು ವರ್ಷದಲ್ಲಿ ಅವಳು ಸುಟ್ಟ ಮೊದಲ ಬಟ್ಟೆ ಅದು. ಆವತ್ತು ಸಂಜೆ ಪೀಠದ ಬಟ್ಟೆಗಳನ್ನು ಕೊಡಲು ಚರ್ಚಿಗೆ ಹೋದಾಗ, ಫಾದರ್ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಬುಟ್ಟಿ ಹಿಡಿದು ನಾನು ಪಕ್ಕದಲ್ಲೇ ನಿಂತಿದ್ದೆ.

"ನಮ್ಮ ನಂಬಿಕೆ ಪ್ರಕಾರ ನಾನು ಹೇಳಿದ್ದು ತಪ್ಪಾ ಫಾದರ್?"

ವಯಸ್ಸಾದ ಫಾದರ್ ಕಪಾಟು ಮುಚ್ಚಿ ಕುಳಿತುಕೊಂಡರು. "ನಮ್ಮ ಪೂಜೆ ಬೇರೆ, ಅವರ ಭೋಜನ ಬೇರೆ. ಅದನ್ನ ನಾನು ಅಲ್ಲ ಅನ್ನಲ್ಲ. ಒಂದೇ ಪಂಕ್ತಿಯಲ್ಲಿ ಕೂರೋಕೆ ಆಗ್ತಿಲ್ವಲ್ಲ ಅಂತ ನಾವು ಅಳಬೇಕಮ್ಮ. ನೀವು ಅದನ್ನ ತೋರಿಸ್ಕೊಂಡು ಮೆರೆದ್ರಿ."

ಫಾದರ್ ಮತ್ತೆ ಕೇಳಿದರು:

"ನಿಮ್ಮ ತಂಗಿಗೆ ದೀಕ್ಷಾಸ್ನಾನ ಆಗಿದ್ದು ಎಲ್ಲಿ?"

"ಇಲ್ಲೇ, ಆ ಬಾಗಿಲ ಹತ್ರದ ತೊಟ್ಟೀಲಿ. ನಂದೂ ಅಲ್ಲೇ."

"ಆ ಸಭೆಗೆ ಸೇರಿದಾಗ ಮತ್ತೆ ಕೊಟ್ರಾ?"

"ಇಲ್ಲ. ಒಂದು ಸಲ ಆಗಿದ್ರೆ ಸಾಕು ಅಂದ್ರಂತೆ."

"ನೋಡಿ, ಅವರು ನಮ್ಮ ನೀರನ್ನ ಒಪ್ಕೊಂಡ್ರು" ಎಂದು ಫಾದರ್ ಅಷ್ಟಕ್ಕೇ ನಿಲ್ಲಿಸಿದರು.

ಅಲ್ಲಿಂದ ಅಮ್ಮ ಮನೆಗೆ ಬರಲಿಲ್ಲ, ನೇರ ಚಿಕ್ಕಮ್ಮನ ಮನೆಗೆ ನಡೆದಳು. ನಾನು ಖಾಲಿ ಬುಟ್ಟಿ ಹಿಡಿದು ಹಿಂದೆ. ಮುಂದಿನ ಬಾಗಿಲು ಹಾಕಿತ್ತು. ಹಿತ್ತಿಲಿಗೆ ಹೋದರೆ, ಚಿಕ್ಕಪ್ಪ ಗ್ರೀಸು ಬಿಡದ ದೊಡ್ಡ ಕೈಗಳಲ್ಲಿ ಆ ತಿಂಗಳ ಭೋಜನಕ್ಕೆ ಹಾಸಿದ್ದ ಅದೇ ಬಿಳಿ ಬಟ್ಟೆಯನ್ನು ನೀರಿಗೆ ಅದ್ದುತ್ತಿದ್ದರು. ಚಿಕ್ಕಮ್ಮ ಪ್ಲಾಸ್ಟರ್ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಲ್ಲಿನ ಮೇಲೆ ಕುಳಿತು ಹೇಳಿಕೊಡುತ್ತಿದ್ದಳು. ಚಿಕ್ಕಪ್ಪ ಬೋಗುಣಿ ಎತ್ತಿಕೊಂಡು ಹೋಗಿ ಗೋಡೆ ಪಕ್ಕದ ದಾಸವಾಳದ ಬುಡಕ್ಕೆ ಬಗ್ಗಿ, ನಿಧಾನವಾಗಿ ನೀರು ಬಿಟ್ಟರು. ತಿರುಗಿದಾಗ ನಮ್ಮನ್ನು ಕಂಡರು.

ಅವರಿಗೆ ಏನೂ ಗೊತ್ತಿರಲಿಲ್ಲ. ಚಿಕ್ಕಮ್ಮ ಹೇಳಿರಲಿಲ್ಲ. "ಬನ್ನಿ ಅತ್ತಿಗೆ, ಒಳ್ಳೇ ಹೊತ್ತಿಗೆ ಬಂದ್ರಿ" ಎಂದು ನಕ್ಕರು. "ಮೊದಲ ನೀರು ಗಿಡಕ್ಕೇ ಹೋಗ್ಬೇಕು ಅಂತ ಮೂವತ್ತು ವರ್ಷದಿಂದ ಇವಳ ಕಾನೂನು. ನಮ್ಮ ಸಭೆಯವರೆಲ್ಲ ತಮಾಷೆ ಮಾಡ್ತಾರೆ, ಇವಳು ಬಿಡಲ್ಲ. ಅವರಮ್ಮ ಕಲಿಸಿದ್ದಂತೆ."

ನೆಲ ಬಾಯಿ ಬಿಟ್ಟಿದ್ದರೆ ನಾನು ಬುಟ್ಟಿ ಸಮೇತ ಇಳಿದುಹೋಗುತ್ತಿದ್ದೆ. ಅಮ್ಮ ಅಲ್ಲೇ ಒದ್ದೆ ಚಪ್ಪಡಿಯ ಮೇಲೆ ಕುಳಿತುಬಿಟ್ಟಳು. ಯಾವಾಗಲೂ ನೆಟ್ಟಗಿರುತ್ತಿದ್ದ ಅವಳ ಬೆನ್ನು ಬಾಗಿದ್ದನ್ನು ನಾನು ನೋಡಿದ್ದು ಆಗಲೇ.

"ತಪ್ಪಾಯ್ತು ಕಣೇ" ಎಂದಳು.

ಚಿಕ್ಕಮ್ಮ ದಾಸವಾಳದ ಕಡೆ ನೋಡುತ್ತಲೇ ಹೇಳಿದಳು: "ನಿನ್ನ ನಾಲಿಗೆ ನಂಗೆ ಹೊಸದಲ್ಲ ಅಕ್ಕ. ಹೊಟ್ಟೆಗೆ ಹಾಕ್ಕೊಂಡು ಅಭ್ಯಾಸ ಆಗಿದೆ. ನಿನ್ನ ಮಗಳು ನಕ್ಕಳಲ್ಲ, ಅದು ಮಾತ್ರ ಇನ್ನೂ ಇಳೀತಿಲ್ಲ."

ನಾನು ಅಲ್ಲೇ ನಿಂತಿದ್ದೆ. 'ಕ್ಷಮಿಸು ಚಿಕ್ಕಮ್ಮ' ಎನ್ನಬೇಕಿತ್ತು. ಅನ್ನದೆ ಅಂಗಳಕ್ಕೆ ಓಡಿದೆ.

ಆವತ್ತಿನಿಂದ ಆ ಬಟ್ಟೆಯನ್ನೂ ಅಮ್ಮನೇ ಒಗೆದಳು. ಆದರೆ ಚಿಕ್ಕಮ್ಮ ಒಂದು ಷರತ್ತು ಹಾಕಿದಳು: "ಇಲ್ಲೇ ಒಗಿ. ನಿನ್ನ ಅಂಗಡಿಗೆ ಕಳಿಸಲ್ಲ." ಅಮ್ಮ ಎದುರಾಡಲಿಲ್ಲ. ಚಿಕ್ಕಮ್ಮನ ಮಣಿಕಟ್ಟು ಸರಿಯಾಗಿ ಕೂಡಲೇ ಇಲ್ಲ. ಒಂಬತ್ತು ವರ್ಷ, ತಿಂಗಳಿಗೊಂದು ಸಲ, ಅಮ್ಮ ರಸ್ತೆ ದಾಟಿ ಹೋಗಿ ಆ ಹಿತ್ತಿಲಲ್ಲಿ ಬಗ್ಗಿ ದಾಸವಾಳಕ್ಕೆ ನೀರು ಬಿಟ್ಟಳು. ಒಂದು ದಿನ ಹಾಡಿನ ಟೀಚರ್ ಇದಕ್ಕೆ ಕೊಂಕು ತೆಗೆದಾಗ, "ಆವತ್ತು ನಾನು ಪಾಪ ಮಾಡ್ದೆ ಟೀಚರ್, ನೀವು ನಕ್ಕು ಪಾಲು ತಗೊಂಡ್ರಿ" ಎಂದಳು. ಬೀಗವಿಲ್ಲದ ನಾಲಿಗೆಗೆ ಆವತ್ತು ಬೀಗ ಬಿತ್ತು.

ಅಮ್ಮ ಹೋದ ವರ್ಷ ತೀರಿಕೊಂಡಳು. ಅವಳ ಅಂತಿಮ ಪೂಜೆಗೆ ಚಿಕ್ಕಮ್ಮ ಬಂದು ಕೊನೆಯ ಬೆಂಚಿನಲ್ಲಿ ಕುಳಿತಳು. ಪರಮಪ್ರಸಾದಕ್ಕೆ ನಾವೆಲ್ಲ ಎದ್ದು ಸಾಲು ನಿಂತಾಗ ಅವಳು ಏಳಲಿಲ್ಲ, ಬೇರೆ ಸಭೆಯವಳಾದ್ದರಿಂದ ಏಳುವ ಹಾಗಿರಲಿಲ್ಲ. ಸತ್ತವಳು ಅವಳ ಒಡಹುಟ್ಟಿದ ಅಕ್ಕ. ಅವಳ ಬೆಂಚಿನ ಪಕ್ಕದಲ್ಲೇ ನಾನು ಹಾದುಹೋದೆ.

ಮಣ್ಣು ಮುಗಿಸಿ ಅಂಗಡಿಗೆ ಬಂದ ಮೇಲೆ, ಆ ಪೂಜೆಯ ಬಟ್ಟೆಗಳು ಬುಟ್ಟಿಯಲ್ಲಿ ಹಾಗೇ ಇದ್ದವು. ಏನು ಮಾಡಬೇಕೆಂದು ನನಗೆ ಕೈ ಓಡಲಿಲ್ಲ. ಚಿಕ್ಕಮ್ಮ ಸೆರಗು ಸಿಕ್ಕಿಸಿಕೊಂಡು ಬೋಗುಣಿ ಇಳಿಸಿದಳು. ಸೊಟ್ಟಗಾದ ಮಣಿಕಟ್ಟಿನಲ್ಲೇ ಒಂದೊಂದು ಬಟ್ಟೆಯನ್ನೂ ಅದ್ದಿ ತೆಗೆದಳು. "ನಿಮ್ಮಮ್ಮನ ಗುಲಾಬಿ ಗಿಡ ಎಲ್ಲಿದೆ?" ಎಂದು ಕೇಳಿದಳು. ನಾನು ಅಂಗಡಿಯ ಹಿಂದಕ್ಕೆ ಕರೆದೊಯ್ದು ತೋರಿಸಿದೆ. ಅವಳು ಬಗ್ಗಿ, ನಿಧಾನವಾಗಿ ನೀರು ಬಿಟ್ಟಳು. ಅದು ನಮ್ಮ ಪೂಜೆಯ ನೀರು.

"ತಪ್ಪಾಯ್ತು ಚಿಕ್ಕಮ್ಮ. ಆವತ್ತು ನಕ್ಕಿದ್ದಕ್ಕೆ" ಎಂದೆ. ಒಂಬತ್ತು ವರ್ಷ ತಡವಾಗಿತ್ತು.

ಅವಳು ಖಾಲಿ ಬೋಗುಣಿಯನ್ನು ನನ್ನ ಕೈಗೆ ಕೊಟ್ಟಳು. "ಇನ್ಮೇಲೆ ಎರಡೂ ನೀನೇ ಮಾಡು. ನಂಗೆ ಬಗ್ಗೋಕೆ ಆಗಲ್ಲ."

ಈಗ ಎರಡೂ ಕಡೆಯ ಬಟ್ಟೆಗಳನ್ನು ನಾನೇ ಒಗೆಯುತ್ತೇನೆ. ನಮ್ಮದನ್ನು ಇಲ್ಲಿ, ಅವರದನ್ನು ಚಿಕ್ಕಮ್ಮನ ಹಿತ್ತಿಲಲ್ಲಿ. ಅಂಗಡಿಗೆ ತರಲು ಅವಳು ಇನ್ನೂ ಬಿಟ್ಟಿಲ್ಲ. ನಾನೂ ಕೇಳಿಲ್ಲ.