ಅರ್ಧ ಟೀವಿಯ ಲೈಸೆನ್ಸು

ನೂರ ಅರವತ್ತು ಯೂರೋ. ಮನೆಯಲ್ಲಿ ಟೀವಿ ಇಟ್ಟುಕೊಂಡ ತಪ್ಪಿಗೆ ಐರಿಷರ ಈ ದೇಶ ವರ್ಷಕ್ಕೊಮ್ಮೆ ಕೇಳುವ ಲೈಸೆನ್ಸಿನ ಬೆಲೆ. ಸರ್ಕಾರಿ ಟೀವಿ ಇಂಗ್ಲಿಷಿನಲ್ಲೂ ಐರಿಷಿನಲ್ಲೂ ನಡೆಯಬೇಕಲ್ಲ, ಅದಕ್ಕೆ. ಇವತ್ತು ಬೆಳಿಗ್ಗೆ ನೋಟೀಸು ಬಾಗಿಲ ಕಿಂಡಿಯಿಂದ ಒಳಬಿತ್ತು. ಕೈಗೆತ್ತಿಕೊಂಡದ್ದೇ ತಡ, ಮನಸ್ಸು ಕೊರೋನಾಕ್ಕೆ ಶಾಲೆಗಳು ಮತ್ತೊಮ್ಮೆ ಮುಚ್ಚಿದ್ದ ಆ ಫೆಬ್ರವರಿಗೆ ಜಾರಿತು.

ನೀವೂ ಆಗ ಎಲ್ಲೋ ಒಂದು ಕಿಟಕಿಯ ಹಿಂದೆ ಇದ್ದಿರಬೇಕು. ನಾನು ಇಲ್ಲೇ, ನದಿದಂಡೆಯ ವಾಟರ್‌ಫರ್ಡ್‌ನಲ್ಲಿದ್ದೆ. ಹೆಂಡತಿ ನರ್ಸ್, ಅವಳಿಗೆ ಬಿಡುವಿಲ್ಲ. ಹಳೆ ಕಾರು ಕೊಂಡು ಮಾರುವ ನನಗೆ ಬಿಡುವೇ ಬಿಡುವು. ರಸ್ತೆ ಖಾಲಿ. ನದಿಯ ಮೇಲೆ ತೆಳು ಬಿಸಿಲು ಸುಮ್ಮನೆ ಮಲಗಿರುತ್ತಿತ್ತು. ಸೋಮವಾರ ಯಾವಾಗ ಗುರುವಾರವಾಯಿತೋ ಗೊತ್ತಾಗುತ್ತಿರಲಿಲ್ಲ. ಟೀವಿಯಲ್ಲಿ ಮಾತ್ರ ರಾಜಕಾರಣಿಗಳ ಜಗಳ: ಲೈಸೆನ್ಸು ತೆಗೆದು ತೆರಿಗೆಯಿಂದ ಕೊಡಿ ಎಂದು ಒಬ್ಬರು, ಕೆಲವೇ ಜನ ನೋಡುವ ಐರಿಷಿಗೆ ಎಲ್ಲರ ದುಡ್ಡೇಕೆ ಎಂದು ಇನ್ನೊಬ್ಬರು. ನಾನು ಎರಡನೆಯವರ ಪಕ್ಷ. ಅಂಚೆ ಕಚೇರಿಗೆ ಹೋಗಿ ಗಾಜಿನಾಚೆಯ ಹೆಂಗಸಿನ ಹತ್ತಿರ ಚೌಕಾಸಿಗೇ ನಿಂತೆ: "ನಮಗೆ ಐರಿಷ್ ಬರಲ್ಲ. ಇಂಗ್ಲಿಷಿನ ಅರ್ಧಕ್ಕೆ ಎಂಬತ್ತು ತಗೊಳ್ಳಿ."

ಮಾಸ್ಕಿನೊಳಗೇ ನಕ್ಕಳು. "ಗ್ರ್ಯಾಂಡ್, ಹಾಗೇ ಆಗಲಿ. ಮನೆಗೆ ಹೋಗಿ ಅರ್ಧ ಪರದೆಗೆ ಟವೆಲ್ ಹೊದಿಸಿ."

ಪೂರ್ತಿ ಕೊಟ್ಟೇ ಬಂದೆ. ಕೊಟ್ಟ ಮೇಲೆ ವಸೂಲು ಮಾಡದೆ ಬಿಡುವ ಆಸಾಮಿಯಲ್ಲ ನಾನು. ಟೀವಿಯಲ್ಲಿ ಬರುತ್ತಿದ್ದ ಐರಿಷ್ ಪಾಠವನ್ನೂ ಮಗಳ ಪಕ್ಕ ಕೂತು ನೋಡತೊಡಗಿದೆ. ಏಳು ವರ್ಷದ ಅನಘಳಿಗೆ ನನ್ನ ಕನ್ನಡವೆಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷ್. ಚಾಕೊಲೇಟು, ಸೈಕಲ್ಲು ಎಲ್ಲದರ ಆಸೆ ತೋರಿಸಿ ಸೋತಿದ್ದೆ. ಎಂಥೆಂಥ ಕಾರಿನ ಬೆಲೆ ಇಳಿಸಿದವನಿಗೆ ಮಗಳ ನಾಲಿಗೆ ತಿರುಗಿಸಲಾಗಲಿಲ್ಲ. ನನ್ನ ಮಾತು ಈ ಮನೆಯಲ್ಲಿ ನನ್ನೊಂದಿಗೇ ಮುಗಿಯುತ್ತದೆ ಎಂಬ ಭಯ.

"ಟಾ ಒಕ್ರಸ್ ಒರಮ್," ಎಂದಿತು ಟೀವಿ.

"ಅದೇನೇ?"

"ಹಂಗರ್ ಈಸ್ ಆನ್ ಮಿ. ದಟ್ಸ್ ಹೌ ದೇ ಸೇ ಇಟ್, ಅಪ್ಪಾ."

"ನಮ್ದೂ ಹೆಚ್ಚುಕಮ್ಮಿ ಹಂಗೇ ಕಣೇ. ನಮ್ಮಲ್ಲೂ ಹಸಿವು ಹೊರಗಿಂದ ಬರೋ ನೆಂಟ. 'ನಂಗೆ ಹಸಿವಾಗಿದೆ' ಅಂತೀವಲ್ಲ."

"ಸೋ ಕನ್ನಡ ಈಸ್ ಲೈಕ್ ಐರಿಷ್?" ಎಂದು ಹುಬ್ಬೇರಿಸಿದಳು.

ಮರುದಿನ ಮಧ್ಯಾಹ್ನ ಹುಳಿಗೆ ಒಗ್ಗರಣೆ ಹಾಕುತ್ತಿದ್ದೆ. ಹಿಂದಿನಿಂದ ಬಂದು ಶರ್ಟು ಎಳೆದಳು. "ಅಪ್ಪಾ, ನನ್ ಮೇಲೆ ಹಸಿವು ಇದೆ."

ಕನ್ನಡಕ್ಕೆ ಐರಿಷ್ ಅಂಗಿ ತೊಡಿಸಿದ್ದಳು. ಸಾಸಿವೆ ಸೀದು ಹೋಗುವವರೆಗೂ ನಾನು ಸೌಟು ಹಿಡಿದು ನಿಂತೇ ಇದ್ದೆ.

ಈಗ ಅವಳ ಕನ್ನಡ ಧಾರಾಳ, ತಪ್ಪುಗಳೂ ಧಾರಾಳ. ಟೀವಿಯ ದುಡ್ಡಿನ ಜಗಳ ಇನ್ನೂ ಮುಗಿದಿಲ್ಲ. ನಾನು ಮಾತ್ರ ಪಕ್ಷ ಬದಲಿಸಿದ್ದೇನೆ. ನನ್ನ ಮಾತು ಕೇಳಿ: ಒಟ್ಟಿಗೆ ಕಟ್ಟುವುದು ಭಾರವೆನಿಸಿದರೆ ಅಂಚೆ ಕಚೇರಿಯಲ್ಲಿ ಲೈಸೆನ್ಸಿಗೆಂದೇ ಸ್ಟಾಂಪುಗಳು ಸಿಗುತ್ತವೆ, ಆಗಾಗ ಒಂದೊಂದು ಕೊಂಡಿಡಿ. ಅರ್ಥವಾಗದ ಪಾಠಕ್ಕೂ ಮಕ್ಕಳ ಪಕ್ಕ ಕೂತುಕೊಳ್ಳಿ. ಮಗು ತಪ್ಪು ಕನ್ನಡದಲ್ಲಿ ಹಸಿವು ಎಂದರೆ ತಿದ್ದಲು ಹೋಗಬೇಡಿ. ಮೊದಲು ಬಡಿಸಿ.