ಹುಣಸೆ ತೋಪಿನಲ್ಲಿ, ಕಾರಿನ ತಂಪಿನಲ್ಲಿ

ನನ್ನ ಮಗಳು ಚಿನ್ಮಯಿಗೆ ಬೆವರು ಬರುವುದಿಲ್ಲ. ಮುನೇಶ್ವರಸ್ವಾಮಿಯ ಒಕ್ಕಲಿನ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನನ್ನ ಅನುಭವವನ್ನು ನಿಮಗೆ ಹೇಳಬೇಕಾದರೆ ಇಲ್ಲಿಂದಲೇ ಶುರು ಮಾಡಬೇಕು.

ಅವಳಿಗೆ ಹನ್ನೊಂದು ತಿಂಗಳಾಗಿದ್ದಾಗ ಬೇಸಿಗೆಯಲ್ಲಿ ಮೈ ಕೆಂಡದ ಹಾಗೆ ಕಾದು ಫಿಟ್ಸ್ ಬಂತು. ಮಹದೇವಪುರದ ನಮ್ಮ ಮನೆಯಿಂದ ಆಟೋದಲ್ಲಿ ಹೊರಟರೆ ಮಾರತ್ತಹಳ್ಳಿ ಸಿಗ್ನಲ್‌ನಲ್ಲೇ ಅರ್ಧ ಗಂಟೆ. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ನಾನು ಅಳುತ್ತಿದ್ದರೆ ಪಕ್ಕದ ಬಸ್ಸಿನ ಕಿಟಕಿಯಿಂದ ಯಾರೋ ನೀರಿನ ಬಾಟಲಿ ಕೊಟ್ಟರು. ಆಸ್ಪತ್ರೆಯಲ್ಲಿ ನಾಲ್ಕು ದಿನ ರಕ್ತ ಪರೀಕ್ಷೆ ಮೇಲೆ ರಕ್ತ ಪರೀಕ್ಷೆ. ಏನೂ ಸಿಗಲಿಲ್ಲ. ಕೊನೆಗೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಅವಳ ತಲೆಯ ಮೇಲಿನ ನಾಲ್ಕೇ ನಾಲ್ಕು ಕೂದಲನ್ನು ಸವರುತ್ತಾ ಕೇಳಿದರು, “ಈ ಮಗು ಯಾವತ್ತಾದ್ರೂ ಬೆವರಿದ್ದು ನೋಡಿದ್ದೀರಾ ಅಮ್ಮ?”

ನೋಡಿರಲಿಲ್ಲ. ನಾನು ಬೊಮ್ಮಸಂದ್ರದ ಒಂದು ಔಷಧಿ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವಳು. ಮಾತ್ರೆಗಳನ್ನು ದೊಡ್ಡ ಪೆಟ್ಟಿಗೆಗಳಲ್ಲಿ ಇಟ್ಟು, ಬಿಸಿ ಒಂದು ಡಿಗ್ರಿ ಹೆಚ್ಚುಕಮ್ಮಿಯಾಗದಂತೆ ಕಾಯುವುದೇ ನನ್ನ ಕೆಲಸ. ಮಾತ್ರೆಗೆ ಅಷ್ಟು ಉಪಚಾರ ಮಾಡುವವಳಿಗೆ ಸ್ವಂತ ಮಗು ಬೆವರುವುದಿಲ್ಲ ಎನ್ನುವುದು ಗೊತ್ತಾಗಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಹುಟ್ಟಿನಿಂದಲೇ ಬೆವರಿನ ಗ್ರಂಥಿಗಳು ಬೆಳೆದಿಲ್ಲ, ಕೂದಲು ಕಡಿಮೆ ಇರುವುದೂ ಅದೇ ಕಾಯಿಲೆಯಿಂದ, ಇದಕ್ಕೆ ಔಷಧಿ ಇಲ್ಲ, ಮೈ ಕಾದರೆ ತಾನಾಗಿ ಇಳಿಯುವುದಿಲ್ಲ, ಸದಾ ತಂಪಿನಲ್ಲಿಡಿ ಎಂದರು.

ಅಲ್ಲಿಂದ ಮನೆಗೆ ಬಂದವರಿಗೆ ಇನ್ನೊಂದು ಚಿಂತೆ. ನಮ್ಮ ಮನೆಯಲ್ಲಿ ಮೊದಲ ಮಗುವಿನ ಮುಡಿಯನ್ನು ಆನೇಕಲ್ ಆಚೆಯ ಹುಣಸೆ ತೋಪಿನ ಮುನೇಶ್ವರನಿಗೇ ಕೊಡಬೇಕು. ಯುಗಾದಿ ಕಳೆದ ಸೋಮವಾರಗಳಲ್ಲಿ ಮಾತ್ರ. ಹೊತ್ತು ಹುಟ್ಟುವಾಗ ತೋಪಿಗೆ ಹೋಗಿ, ಮಾರನೆಯ ದಿನ ಹೊತ್ತು ಹುಟ್ಟುವ ತನಕ ಅಲ್ಲೇ ಇರಬೇಕು. ಯಾವ ಮನೆಯ ಸೂರಿನ ಕೆಳಗೂ ಹೋಗುವಂತಿಲ್ಲ. ಆಮೇಲೆ ಮುಡಿ. ಅದೂ ಒಂದು, ಮೂರು, ಇಲ್ಲ ಐದನೇ ವರ್ಷದಲ್ಲಿ. ಒಂದನೆಯದು ಆಸ್ಪತ್ರೆಯ ಓಡಾಟದಲ್ಲೇ ಕಳೆಯಿತು. ಮೂರನೆಯದರಲ್ಲಿ ಧೈರ್ಯ ಮಾಡಿ ಹೊರಟು, ಚಂದಾಪುರದಲ್ಲೇ ಮಗು ಸುಸ್ತಾಗಿ ವಾಪಸ್ ಬಂದೆವು. ಈಗ ಐದನೆಯದು ನಡೆಯುತ್ತಿತ್ತು. ಇದು ತಪ್ಪಿದರೆ ಮುಡಿಯಿಲ್ಲ.

ನನ್ನ ಅತ್ತೆ ಮುನಿಯಮ್ಮನವರು ಮಗುವಿನ ತಲೆ ಬಾಚುವಾಗಲೆಲ್ಲ ಕಣ್ಣೀರು ಹಾಕುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟೂ ಬರುತ್ತಿತ್ತು, ಕರುಳೂ ಚುರ್ ಎನ್ನುತ್ತಿತ್ತು. “ದೇವರೇ, ಮುಡಿ ಬೇಕು ಅಂತ ಕೇಳೋನು ನೀನೇ ಆದ್ರೆ ದಾರೀನೂ ನೀನೇ ತೋರಿಸು” ಎಂದು ದಿನಾ ಕಂಪನಿ ಬಸ್ಸಿನಲ್ಲಿ ಕೂತು ಬೇಡಿಕೊಳ್ಳುತ್ತಿದ್ದೆ.

ದಾರಿ ಬಂದದ್ದು ಕಾರಿನ ರೂಪದಲ್ಲಿ. ನನ್ನ ಗಂಡ ಮಂಜುನಾಥ್ ಒಂದು ಸಣ್ಣ ಎಲೆಕ್ಟ್ರಿಕ್ ಕಾರು ತಂದರು. ನಿಂತಲ್ಲೇ ಎ.ಸಿ. ಓಡಿಸಬಹುದು, ಇಂಜಿನ್ ಇಲ್ಲ, ಹೊಗೆ ಇಲ್ಲ. ಚಾರ್ಜಿಂಗ್ ತೂತಿಗೆ ಒಂದು ಅಡಾಪ್ಟರ್ ಸಿಕ್ಕಿಸಿದರೆ ಮನೆಯ ಪ್ಲಗ್ಗಿನಂತೆ ಕರೆಂಟೂ ಕೊಡುತ್ತದೆ. ನನಗೆ ಕುತೂಹಲ ತಡೆಯಲಾಗಲಿಲ್ಲ. ಒಂದು ಭಾನುವಾರ ಮನೆ ಮುಂದೆಯೇ ಹಿಂದಿನ ಸೀಟು ಮಡಚಿ, ಹಾಸಿಗೆ ಹಾಕಿ, ಮಗಳ ಜೊತೆ ಬೆಳಗಿನಿಂದ ಸಂಜೆ ತನಕ ಕಾರೊಳಗೇ ಇದ್ದೆ. ಗಂಟೆಗೊಮ್ಮೆ ಒಳಗಿನ ಬಿಸಿ ಎಷ್ಟು, ಬ್ಯಾಟರಿ ಎಷ್ಟು ಎಂದು ಬರೆದೆ. ನಮ್ಮ ಬಾಡಿಗೆಯವರೆಲ್ಲ ಬಗ್ಗಿ ಬಗ್ಗಿ ನೋಡಿಕೊಂಡು ಹೋದರು. ಒಬ್ಬಳು, “ಅಕ್ಕ, ಮನೇಲಿ ಜಗಳಾನಾ?” ಎಂದೇ ಕೇಳಿದಳು. ಸಂಜೆಗೆ ಬ್ಯಾಟರಿ ಮೂರರಲ್ಲಿ ಒಂದು ಪಾಲು ಮಾತ್ರ ಇಳಿದಿತ್ತು. ಒಳಗೆ ಇಪ್ಪತ್ನಾಲ್ಕು ಡಿಗ್ರಿ, ನಮ್ಮ ಫ್ಯಾಕ್ಟರಿಯ ಪೆಟ್ಟಿಗೆಯಷ್ಟೇ ಅಚ್ಚುಕಟ್ಟು.

ಆದರೆ ಕಾರಿಗೂ ಸೂರಿದೆಯಲ್ಲ? ಅತ್ತೆ ತೋಪಿನ ಪೂಜಾರಿ ಮುನಿಸ್ವಾಮಪ್ಪನವರಿಗೆ ಫೋನ್ ಮಾಡಿದರು. ಸ್ಪೀಕರ್‌ನಲ್ಲಿ ಅವರ ದನಿ ಕೇಳಿಸಿತು: “ನಮ್ ತಾತನ ಕಾಲ್ದಾಗೆ ಕಮಾನು ಗಾಡಿ ಕಟ್ಕಂಡು ಬತ್ತಿದ್ರು ಕಣಮ್ಮ. ಬಾಣಂತೀರು ಅದ್ರೊಳಗೇ ಮಲೀಕತ್ತಿದ್ರು. ಚಕ್ರ ಇರೋದು ಮನೆ ಅಲ್ಲ. ಬನ್ನಿ. ಆದ್ರೆ ಗಾಡಿಗೆ ಪೂಜೆ ಆಗ್ಬೇಕು, ಮುಂದ್ಕೆ ಹೂವಿನ ಸೆರಗು ಕಟ್ಬೇಕು. ಕಟ್ಟಿದ್ ಮ್ಯಾಕೆ ಬೆಳಕರಿಯೋಗಂಟ ಆ ಸೆರಗುನ್ನ ಮನುಸ್ರು ಮುಟ್ಟಂಗಿಲ್ಲ.”

ಯುಗಾದಿಯ ನಂತರದ ಮೂರನೇ ಸೋಮವಾರ ಹೊತ್ತು ಹುಟ್ಟುವಾಗ ತೋಪಿನಲ್ಲಿದ್ದೆವು. ದೊಡ್ಡ ಹುಣಸೆ ಮರದ ನೆರಳಲ್ಲಿ ಕಾರು ನಿಂತಿತು. ಪೂಜಾರಿಯವರು ಮಂಗಳಾರತಿ ಎತ್ತಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. ಅತ್ತೆ ಎರಡು ದಿನ ಕೂತು ಕಟ್ಟಿದ್ದ ಹೂವಿನ ಸೆರಗನ್ನು ಕಾರಿನ ಮುಂಭಾಗಕ್ಕೆ ಕಟ್ಟಿದರು. ಒಂದು ಅಗಲದ ಹಳದಿ ಬಟ್ಟೆ, ಅದರ ತುಂಬ ಒತ್ತೊತ್ತಾಗಿ ಹೊಲಿದ ಚೆಂಡು ಹೂ. ಬಾನೆಟ್‌ನಿಂದ ನೆಲ ಮುಟ್ಟುವ ಹಾಗೆ ಇಳಿಬಿಟ್ಟಿತ್ತು. ಎಷ್ಟು ಚೆನ್ನಾಗಿತ್ತೆಂದರೆ ಬೇರೆ ಮನೆಯವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು.

ಹನ್ನೊಂದು ಗಂಟೆಗೆ ಅತ್ತೆ ಕಾರಿನ ಕರೆಂಟಿನಲ್ಲಿ ಮಿಕ್ಸಿ ಹಾಕಿ ಮಸಾಲೆ ರುಬ್ಬಿದರು. ತೋಪಿನ ಹೆಂಗಸರೆಲ್ಲ ಸುತ್ತ ಸೇರಿದರು. “ಕಾರಲ್ಲಿ ಕಾಯಿ ರುಬ್ತಾವ್ಳೆ ನೋಡ್ರೇ!” ಎಂದು ಒಬ್ಬರು ನಕ್ಕರೆ, ಇನ್ನೊಬ್ಬರು ತಮ್ಮ ಹುರಿಗಡಲೆಯನ್ನೂ ತಂದು ಸಾಲಿನಲ್ಲಿ ನಿಂತರು. ಅತ್ತೆಯ ಮುಖದಲ್ಲಿ ಅಷ್ಟು ಜಂಬ ನಾನು ಯಾವತ್ತೂ ನೋಡಿರಲಿಲ್ಲ. ಚಿನ್ಮಯಿ ಒಳಗೆ ಬಣ್ಣ ಹಚ್ಚುತ್ತಾ ಕೂತಿದ್ದಳು.

ಎರಡು ಗಂಟೆಯ ಹೊತ್ತಿಗೆ ಗಾಳಿ ತಣ್ಣಗಿಲ್ಲ ಅನಿಸಿತು. ನನ್ನ ಥರ್ಮಾಮೀಟರ್ ಇಪ್ಪತ್ತೇಳು ತೋರಿಸಿತು. ಹತ್ತು ನಿಮಿಷಕ್ಕೆ ಇಪ್ಪತ್ತೊಂಬತ್ತು. ಆಮೇಲೆ ಮೂವತ್ತೊಂದು. ಮರದ ನೆರಳಲ್ಲೇ ಹೊರಗೆ ಮೂವತ್ತಾರಿತ್ತು. ಮಂಜು ಕಾರನ್ನು ಆಫ್ ಮಾಡಿ ಆನ್ ಮಾಡಿದರು. ಬ್ಯಾಟರಿ ಬೇಕಾದಷ್ಟಿತ್ತು, ಪರದೆಯ ಮೇಲೆ ಯಾವ ತಪ್ಪೂ ಇಲ್ಲ, ಫ್ಯಾನ್ ಭರ್ರೆಂದು ಕೂಗುತ್ತಿತ್ತು. ಗಾಳಿ ಮಾತ್ರ ಬಿಸಿ. ಮಗಳ ಕೆನ್ನೆ ಕೆಂಪಾಯಿತು. ಒದ್ದೆ ಬಟ್ಟೆ ಸುತ್ತಿದೆವು, ಅಡಾಪ್ಟರ್‌ಗೆ ಟೇಬಲ್ ಫ್ಯಾನ್ ಸಿಕ್ಕಿಸಿ ಅವಳ ಮೇಲೇ ತಿರುಗಿಸಿದೆವು. ಆದರೂ ಜ್ವರ ನೂರಾ ಎರಡು ದಾಟಿತು. “ಅಮ್ಮ, ಬಣ್ಣ ಕಾಣ್ತಿಲ್ಲ” ಎಂದು ಕ್ರೇಯಾನ್ ಕೈಬಿಟ್ಟಳು. ಆ ಮಾರತ್ತಹಳ್ಳಿ ಸಿಗ್ನಲ್ ಮತ್ತೆ ಕಣ್ಣ ಮುಂದೆ ಬಂತು.

“ನಡೀರಿ ಆಸ್ಪತ್ರೆಗೆ” ಎಂದೆ. ತೋಪು ಬಿಟ್ಟರೆ ಹರಕೆ ಮುರಿಯಿತು, ಮುಡಿ ಮುಗಿಯಿತು. ಅತ್ತೆಯ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. ಅವರೇ ಸೀರೆಯ ಸೆರಗು ಬಿಗಿದು ಎದ್ದರು.

“ಏ ಮಂಜ, ತೆಗಿಯೋ ಗಾಡಿ! ಮುಡಿ ಇಲ್ದಿದ್ರೆ ಓಗ್ಲಿ. ನಂಗೆ ಕೂಸು ಬೇಕು.” ಗುಡಿಯ ಕಡೆ ತಿರುಗಿ ಕೈಮುಗಿದರು. “ತಪ್ಪು ನಂದು ಕಣಪ್ಪ. ಏನ್ ಮಾಡಾದಿದ್ರೂ ನಂಗೆ ಮಾಡು.”

ಇಷ್ಟು ವರ್ಷ ಅವರ ಮೇಲೆ ಒಳಗೊಳಗೇ ಸಿಟ್ಟು ಇಟ್ಟುಕೊಂಡಿದ್ದ ನನಗೆ ಆಗ ಅಳು ತಡೆಯಲಾಗಲಿಲ್ಲ. ಕಣ್ಣು ಮುಚ್ಚಿ, “ಮುನೇಶ್ವರ, ಇವರನ್ನ ಕೈಬಿಡಬೇಡ” ಎಂದಷ್ಟೇ ಬೇಡಿಕೊಂಡೆ. ಮಗಳಿಗಾಗಿ ಕೇಳುವುದನ್ನೂ ಮರೆತಿದ್ದೆ.

ಮಂಜು ಅಡಾಪ್ಟರ್ ಕೀಳಲು ಕೆಳಗಿಳಿದರು. ಆಗಲೇ ಎಲ್ಲಿಂದಲೋ ಒಂದು ಕರಿ ಹೋತ ಬಂದು ಕಾರಿನ ಮುಂದೆ ನಿಂತಿತು, ಹೂವಿನ ಸೆರಗಿಗೆ ಬಾಯಿ ಹಾಕಿತು. ಮಂಜು ಅದನ್ನು ಅಟ್ಟಲು ಕೈ ಎತ್ತಿದರು. “ಮುಟ್ಬೇಡ! ದೇವ್ರಿಗೆ ಬಿಟ್ಟಿರೋ ಹೋತ ಅದು. ಅದ್ನ ಯಾರೂ ಅಟ್ಟಂಗಿಲ್ಲ” ಎಂದು ಪೂಜಾರಿಯವರು ದೂರದಿಂದಲೇ ಕೂಗಿದರು. ಹೋತಕ್ಕೆ ಯಾರ ಮಾತಿನ ಹಂಗೂ ಇರಲಿಲ್ಲ. ಹೂವು ಜಗಿಯುತ್ತಾ, ತಲೆ ಕೊಡವುತ್ತಾ ಜಗ್ಗಿತು. ಕಾರಿನ ಮುಖಕ್ಕೆ ಅಂಟಿಕೊಂಡಿದ್ದ ಹಳದಿ ಬಟ್ಟೆ ಪರ್ರನೆ ಹರಿದು ನೆಲಕ್ಕೆ ಬಿತ್ತು.

ಎರಡೇ ನಿಮಿಷ. ನನ್ನ ಮುಂಗೈಗೆ ತಣ್ಣನೆ ಗಾಳಿ ತಾಗಿತು. ನಂಬಿಕೆ ಬರದೆ ಥರ್ಮಾಮೀಟರ್ ನೋಡಿದೆ. ಮೂವತ್ತು. ಇಪ್ಪತ್ತೆಂಟು. ಇಪ್ಪತ್ತೈದು. “ಇರ್ರೀ, ಹೊರಡಬೇಡಿ, ತಣ್ಣಗಾಗ್ತಿದೆ!” ಎಂದು ಕಿರುಚಿದೆ. ಆದರೂ ಜ್ವರ ಇಳಿಯದಿದ್ದರೆ ಹೊರಟೇ ಬಿಡುವುದೆಂದು ಮಂಜು ಒಳಗೆ ಬಂದು ಸ್ಟೇರಿಂಗ್ ಹಿಡಿದೇ ಕೂತಿದ್ದರು. ಕಾಲು ಗಂಟೆಯಲ್ಲಿ ನೂರಾ ಒಂದು, ಮುಕ್ಕಾಲು ಗಂಟೆಯಲ್ಲಿ ತೊಂಬತ್ತೊಂಬತ್ತು. ಚಿನ್ಮಯಿ ಎದ್ದು ಕೂತು ಗಾಜಿನಾಚೆ ನೋಡಿ, “ಅಜ್ಜಿ, ನಿನ್ನ ಹೂವೆಲ್ಲ ಅದು ತಿಂದುಬಿಡ್ತು!” ಎಂದು ದೂರು ಹೇಳಿದಳು. ಅತ್ತೆ ನಗುತ್ತಾ ಅಳುತ್ತಾ ನೆಲದಲ್ಲೇ ಕೂತುಬಿಟ್ಟರು.

ಅದು ಏನಾಯಿತೆಂದು ತಿಳಿಯದೆ ನನಗೆ ಸಮಾಧಾನವಿಲ್ಲ. ಮುಂದಿನ ವಾರ ನಮ್ಮ ಫ್ಯಾಕ್ಟರಿಯಲ್ಲಿ ಎ.ಸಿ. ನೋಡಿಕೊಳ್ಳುವ ನಾಗರಾಜ್ ಅವರನ್ನು ಕೇಳಿದೆ. ಒಳಗಿನ ಬಿಸಿಯನ್ನು ಕಾರು ಮುಂಭಾಗದ ಜಾಲರಿಯಿಂದಲೇ ಹೊರಗೆ ಬಿಡುತ್ತದಂತೆ. ಮಧ್ಯಾಹ್ನ ಬಿಸಿಲೇರಿ ಜೋರಾದ ಫ್ಯಾನಿನ ಎಳೆತಕ್ಕೆ ಬಟ್ಟೆ ಜಾಲರಿಗೆ ಅಂಟಿಕೊಂಡು ದಾರಿ ಮುಚ್ಚಿತ್ತು. ಅಂದರೆ ಕಾರಿಗೂ ನನ್ನ ಮಗಳ ಕಷ್ಟವೇ ಬಂದಿತ್ತು. “ದೇವರನ್ನ ನಂಬಿ ಮೇಡಂ, ಬೇಡ ಅನ್ನಲ್ಲ. ಮುಂದಿನ ಸಲ ಹೂವನ್ನ ಮೇಲುಗಡೆ ಹಾಕಿ ಅಷ್ಟೇ” ಎಂದು ಅವರು ನಕ್ಕರು. ನಾನೂ ನಕ್ಕೆ. ಕಾರಣ ಗೊತ್ತಾದ ಮೇಲೆ ನನ್ನ ಭಕ್ತಿ ಕಡಿಮೆಯಾಗಬೇಕಿತ್ತೇನೋ, ಹೆಚ್ಚಾಯಿತು. ನಾವು ಯಾರೂ ಮುಟ್ಟಬಾರದಿದ್ದ ಸೆರಗನ್ನು ತೆಗೆಯಲು, ಯಾರೂ ಅಟ್ಟಬಾರದ ಜೀವವೊಂದನ್ನು ಅದೇ ಗಳಿಗೆಗೆ ಕಳಿಸಿದವನು ಯಾರು ಎನ್ನುವುದು ನಾಗರಾಜ್ ಅವರ ಜಾಲರಿಯ ಲೆಕ್ಕಕ್ಕೆ ಸಿಗುವುದಿಲ್ಲ.

ಆ ಸೋಮವಾರದ ರಾತ್ರಿ ಕಳೆದು ಮಂಗಳವಾರ ಬೆಳಗ್ಗೆ ತೋಪಿನಲ್ಲಿ ಹೊತ್ತು ಹುಟ್ಟಿತು. ಮಗಳನ್ನು ಅತ್ತೆಯ ತೊಡೆಯ ಮೇಲೆ ಕೂರಿಸಿ ಮುಡಿ ತೆಗೆಸಿದೆವು. ಇದ್ದದ್ದು ಒಂದು ಹಿಡಿಯೂ ಇಲ್ಲದ ಕೂದಲು. ಕ್ಷೌರದವರು ಅದನ್ನು ಎಲೆಯ ಮೇಲಿಟ್ಟು, “ಇಷ್ಟೇಯಾ?” ಎಂದರು. “ಇಷ್ಟೇಯ. ನಮ್ಮಪ್ಪಂಗೆ ಸಾಕು” ಎಂದರು ಅತ್ತೆ. ಬಾವಿಯ ನೀರು ಸುರಿದು, ಬೋಳು ತಲೆಗೆ ಗಂಧ ಹಚ್ಚಿದೆವು. ಚಿನ್ಮಯಿ ಎರಡೂ ಕೈಯಿಂದ ತಲೆ ಮುಟ್ಟಿ ನೋಡಿಕೊಂಡು ನನ್ನ ಕಡೆ ತಿರುಗಿದಳು.

“ಅಮ್ಮಾ, ತಣ್ಣಗಿದೆ.”

ಹುಟ್ಟಿದಾಗಿನಿಂದ ಬಿಸಿಯನ್ನಷ್ಟೇ ದೂರುತ್ತಿದ್ದ ಮಗು ಅದು. ಸ್ವಾಮಿ, ನಿನಗೆ ಕೋಟಿ ನಮಸ್ಕಾರ.